ಆ್ಯಪ್ ಡಿಲೀಟ್ ಮಾಡಿದ್ರೆ ಸಾಲದು

ಒಂದು ರೂಪಾಯಿಗೆ ಒಂದು ತಿಂಗಳ ಮೆಂಬರ್‌ಶಿಪ್ ಅಂದಾಗ ನಮ್ಮ ರೂಮಿನ ಮೂವರೂ ಸೇರಿ ತಗೊಂಡ್ವಿ. ತಿಂಗಳು ಮುಗಿಯೋ ಮೊದಲೇ ಆ್ಯಪ್ ಡಿಲೀಟ್ ಮಾಡಿ ಮರೆತೂಬಿಟ್ವಿ. ಇಂಟರ್ನಲ್ಸ್ ವಾರದಲ್ಲಿ ನೋಡಿದ್ರೆ ನಮ್ಮಲ್ಲೊಬ್ಬನ ಖಾತೆಯಿಂದ 499 ರೂಪಾಯಿ ಮಾಯ. ಮೆಸ್ ಬಿಲ್ಲಿಗೆ ಇಟ್ಟಿದ್ದ ದುಡ್ಡು ಅದು.

ತಪ್ಪು ನಮ್ಮದೂ ಇದೆ. ಆ ಒಂದು ರೂಪಾಯಿಗೆ ಪಿನ್ ಒತ್ತಿದಾಗಲೇ ಆಟೊಪೇಗೂ ಒಪ್ಪಿಗೆ ಕೊಟ್ಟಿದ್ವಿ. ಫೋನಿನಿಂದ ಆ್ಯಪ್ ಹೋದ್ರೂ ಆ ಒಪ್ಪಿಗೆ ಹಾಗೇ ಉಳಿದಿರುತ್ತೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲೇ ಮೆಸೇಜ್ ಬಂದಿತ್ತು. ಆಫರ್ ಮೆಸೇಜುಗಳ ರಾಶಿಯಲ್ಲಿ ಅದನ್ನ ಓದಿದವರು ಯಾರು?

ಆದ್ರೂ ನಮ್ಮ ಪ್ರಶ್ನೆ ಒಂದೇ. ಸೇರೋಕೆ ಒಂದು ಬಟನ್ ಸಾಕಾದ್ರೆ, ಬಿಡೋಕೆ ಆರು ಸ್ಕ್ರೀನ್ ಯಾಕೆ? ನಮ್ಮ ಮರೆವನ್ನ ಲೆಕ್ಕ ಹಾಕಿಯೇ ಮಾಡಿದ ಡಿಸೈನ್ ಇದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಪಟ್ಟಿ ಮಾಡಿದ 13 'ಡಾರ್ಕ್ ಪ್ಯಾಟರ್ನ್'ಗಳಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಕೂಡ ಒಂದು.

ಇವತ್ತೇ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೊಪೇ ವಿಭಾಗ ತೆರೆದು ನೋಡಿ. ಬೇಡದ್ದನ್ನ ಅಲ್ಲೇ ರದ್ದು ಮಾಡಬಹುದು. ದುಡ್ಡು ಆಗಲೇ ಹೋಗಿದ್ರೆ ಮೊದಲು ಕಂಪನಿಗೆ ಬರೆದು ಕೇಳಿ. ಅಲ್ಲಿ ಕೆಲಸ ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾಚಿಕೊಂಡು ಸುಮ್ಮನಿರಬೇಡಿ, ನಾವು ಒಂದು ವಾರ ಹಾಗೇ ಇದ್ವಿ.

ಇನ್ನೆರಡು ವರ್ಷಕ್ಕೆ ನಮ್ಮಲ್ಲೇ ಎಷ್ಟೋ ಜನ ಇಂಥ ಸ್ಕ್ರೀನುಗಳಿಗೆ ಕೋಡ್ ಬರೀತಿರ್ತೀವಿ. ಕ್ಯಾನ್ಸಲ್ ಬಟನ್ ಎಲ್ಲಾದ್ರೂ ಬಚ್ಚಿಡಿ ಅಂತ ಮ್ಯಾನೇಜರ್ ಹೇಳಿದ ದಿನ, ಮೆಸ್ ಬಿಲ್ಲಿನ ಆ 499 ರೂಪಾಯಿ ನಮಗೆ ನೆನಪಾಗಲಿ.