ಸಂಜೆಯ ಮೊಬೈಲ್ ವಿರಾಮ ಯಾರಿಗೆ?



ದಿನವೂ ಸಂಜೆ ಒಂದೂವರೆ ಗಂಟೆ ಮೊಬೈಲನ್ನೂ ಟಿ.ವಿ.ಯನ್ನೂ ಬಂದ್ ಮಾಡುವ ಕ್ರಮ ನಮ್ಮ ತೋಟದ ಊರುಗಳಲ್ಲೂ ಜಾರಿಗೆ ಬರಬೇಕೆಂದು ಕೆಲವು ಸದಸ್ಯರು ಸಲಹೆ ಮಾಡಿದ್ದಾರೆ. ಸಲಹೆ ಯೋಗ್ಯವಾದದ್ದೇ. ಆದರೆ ಅದರ ಬೆನ್ನಿಗೆ ಇನ್ನೊಂದು ಮಾತೂ ಬಂದಿದೆ. ಲೈನ್ ಮನೆಯವರು ರಾತ್ರಿಯೆಲ್ಲ ಮೊಬೈಲ್ ನೋಡಿ ಬೆಳಿಗ್ಗೆ ತಡವಾಗಿ ಕೊಯ್ಲಿಗೆ ಬರುತ್ತಾರಾದ್ದರಿಂದ ಅವರಿಗೂ ಇದನ್ನು ಕಡ್ಡಾಯ ಮಾಡಬೇಕಂತೆ. ಈ ಎರಡನೆಯ ಮಾತಿಗೆ ನಮ್ಮ ಸಮ್ಮತಿಯಿಲ್ಲ.

ಮೊದಲು ಈ ಕ್ರಮ ಎಲ್ಲಿಯದೆಂದು ನೋಡೋಣ. ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗಿದೊಡನೆ ಮನೆಮನೆಯಲ್ಲೂ ಮೊಬೈಲು, ಟಿ.ವಿ. ಬದಿಗಿಟ್ಟು ಮಕ್ಕಳು ಓದಿಗೆ ಕೂರುವ ಪದ್ಧತಿ ಆರಂಭವಾಯಿತು. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಕೈಗೆ ಬಂದ ಮೊಬೈಲನ್ನು ಮಕ್ಕಳು ಬಿಡದಾದಾಗ ಊರಿನವರೇ ಕೂಡಿ ಮಾಡಿಕೊಂಡ ಏರ್ಪಾಡು ಅದು. ಅಲ್ಲಿ ಧಣಿ ಆಳಿಗೆ ಹಾಕಿದ ಕಟ್ಟಳೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಮೊಬೈಲ್ ಗೀಳಿಗೆಂದು ಪ್ರತ್ಯೇಕ ಚಿಕಿತ್ಸಾಲಯವಿದೆ ಎಂದ ಮೇಲೆ ಇದು ಬರೀ ಹಿರಿಯರ ಗೊಣಗಾಟವಲ್ಲವೆಂಬುದೂ ಸ್ಪಷ್ಟ.

ನಮ್ಮ ಗೀಳಾದರೋ ದರದ್ದು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತಷ್ಟೆ, ಅಂದಿನಿಂದ ಬೆಳೆಗಾರರಿಗೆ ನಿದ್ರೆಯಿಲ್ಲ. ಲಂಡನ್, ನ್ಯೂಯಾರ್ಕ್ ಪೇಟೆಗಳು ನಮ್ಮ ಮಧ್ಯಾಹ್ನಕ್ಕೆ ತೆರೆದು ರಾತ್ರಿ ಬಹಳ ಹೊತ್ತಾದ ಮೇಲೆ ಮುಚ್ಚುತ್ತವೆ. ಅಷ್ಟು ಹೊತ್ತೂ ಉಣ್ಣುವಾಗ ಒಂದು ಕೈ ತಟ್ಟೆಯಲ್ಲಿ, ಒಂದು ಕೈ ಮೊಬೈಲಿನಲ್ಲಿ. ಹತ್ತು ಚೀಲ ಚೆರ್ರಿ ಇಟ್ಟುಕೊಂಡವನು ರಾತ್ರಿ ಒಂಬತ್ತಕ್ಕೆ ದರ ನೋಡಿ ಮಾಡುವುದೇನು? ವ್ಯಾಪಾರಿ ಬಾಗಿಲು ತೆರೆಯುವುದು ಮರುದಿನವೇ. ಅಡಿಕೆಯದೂ ಅಷ್ಟೇ, ಶಿವಮೊಗ್ಗ, ಶಿರಸಿಯ ಟೆಂಡರು ಹಗಲಿನಲ್ಲೇ ಮುಗಿದಿರುತ್ತದೆ. ವಿರಾಮ ಬೇಕಾಗಿರುವುದು ನಮಗೆ.

ಇನ್ನು ಲೈನ್ ಮನೆಯ ವಿಚಾರ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಕೊಯ್ಲಿಗೆ ಬರುವವರಲ್ಲಿ ಅನೇಕರು ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಬಂದಿರುತ್ತಾರೆ. ಹಗಲೆಲ್ಲ ತೋಟದಲ್ಲಿ, ಆಮೇಲೆ ಹಣ್ಣಿನ ತೂಕ, ಸೌದೆ, ನೀರು, ರೊಟ್ಟಿ. ಊರಿನ ಮುದುಕರು ಮಲಗುವ ಮುನ್ನ ಮಕ್ಕಳ ದನಿ ಕೇಳಲು ಅವರಿಗೆ ಸಿಗುವುದು ಏಳರಿಂದ ಎಂಟೂವರೆಯ ಅದೇ ಹೊತ್ತು, ಅದೂ ಸಿಗ್ನಲ್ ಸಿಗುವ ದಿಬ್ಬ ಹತ್ತಿ ನಿಂತರೆ. ಸಿಂಧನೂರಿನವನಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಹೊಲದವರೆಗೆ ಬಂತೇ ಎಂದು ತಿಳಿಯಬೇಕು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದನ್ನು ಆ ಕಡೆಯ ರೈತ ಮರೆತಿಲ್ಲ. ಲಿಂಗಸುಗೂರಿನವನಿಗೆ ನಾರಾಯಣಪುರ ಬಲದಂಡೆ ಕಾಲುವೆಯ ಚಿಂತೆ. ಕೂಲಿಯ ಹಣ ಊರಿಗೆ ತಲುಪುವುದೂ ಈಗ ಅದೇ ಮೊಬೈಲಿನಲ್ಲಿ. ನಮಗೆ ಗೀಳಾದದ್ದು ಅವರಿಗೆ ಮನೆಯ ದಾರಿ.

ಅವರು ರೀಲ್ಸ್ ನೋಡುವುದೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ನೋಡುತ್ತಾರೆ, ನಮ್ಮ ಮಕ್ಕಳಷ್ಟೇ ನೋಡುತ್ತಾರೆ. ಬೇರೆ ವಿನೋದ ನಾವು ಏನು ಕೊಟ್ಟಿದ್ದೇವೆ? ಲೈನ್ ಮುಂದೊಂದು ಒಳ್ಳೆಯ ದೀಪ, ಒಂದು ಕೇರಂ ಬೋರ್ಡು ಇಟ್ಟು ಆಮೇಲೆ ದೂರೋಣ.

ಆಡಳಿತ ಮಂಡಳಿಯ ಮುಂದೆ ನಾವು ಇಡಲಿರುವ ಸೂಚನೆ ಇಷ್ಟು. ಸಂಘದ ವಾಟ್ಸಾಪ್ ಗುಂಪು ಸಂಜೆ 7ರಿಂದ 8.30ರವರೆಗೆ ಮುಚ್ಚಿರಲಿ, ದರದ ಪಟ್ಟಿ ಬೆಳಿಗ್ಗೆ ಒಂದೇ ಸಲ ಬರಲಿ. ಸದಸ್ಯರು ತಮ್ಮ ಮನೆಗಳಲ್ಲಿ ಆ ಹೊತ್ತು ಇಂಟರ್ನೆಟ್ ಮಾತ್ರ ನಿಲ್ಲಿಸಿ, ಕರೆ, ಎಸ್ಸೆಮ್ಮೆಸ್ ಬಂದರೆ ಕೇಳಿಸುವಂತೆ ಇಟ್ಟುಕೊಳ್ಳಬೇಕು. ಸಕಲೇಶಪುರ, ಆಲೂರು ಕಡೆ ಆನೆ ಬಂದ ಸೂಚನೆ ಫೋನಿಗೇ ಬರುವುದರಿಂದ ಪೂರ್ತಿ ಬಂದ್ ಮಾಡುವುದು ಅಪಾಯ. ಕಣದಲ್ಲಿ ಕಾಫಿ ಹರಡಿರುವಾಗ ಅಕಾಲದ ಮಳೆ ಬಂದರೆ ಪಕ್ಕದ ತೋಟದವರು ಕೂಗಿ ಹೇಳುವುದೂ ಫೋನಿನಲ್ಲೇ. ಲೈನ್ ಮನೆಗಳಿಗೆ ಈ ನಿಯಮ ಬೇಡ. ಚಾರ್ಜಿಗೆ ಪ್ಲಗ್ ಪಾಯಿಂಟ್ ಇಲ್ಲದ ಲೈನ್‌ಗಳಿಗೆ ಈ ಕೊಯ್ಲಿನೊಳಗೇ ಅದನ್ನು ಹಾಕಿಸಬೇಕು.

ಭಿನ್ನಾಭಿಪ್ರಾಯವಿರುವ ಸದಸ್ಯರು ಕಾಗದದಲ್ಲಿ ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ವಾಟ್ಸಾಪಿನಲ್ಲಿ ಬೇಡ.