ಜರಡಿಯನ್ನು ದಾಟುವ ಓಲೆ

ವ್ಯಾಪಾರಕ್ಕೆ ನಂಬಿಕೆಯೇ ಬಂಡವಾಳವೆಂಬ ಮಾತು ಹಳೆಯದು. ಮಿಂಚಂಚೆಯ ಕಾಲದಲ್ಲಿಯೂ ಅದು ಸುಳ್ಳಾಗಿಲ್ಲ. ಇಂದು ವರ್ತಕನು ಬರೆದ ಓಲೆ ಗ್ರಾಹಕನ ಕಣ್ಣಿಗೆ ಬೀಳುವ ಮೊದಲು ಯಂತ್ರವೊಂದರ ಪರೀಕ್ಷೆಗೆ ಒಳಗಾಗುತ್ತದೆ. ಜರಡಿಯು ಹಿಟ್ಟನ್ನು ಬಿಟ್ಟು ತೌಡನ್ನು ತಡೆಯುವಂತೆ, ಸ್ಪ್ಯಾಮ್ ಫಿಲ್ಟರ್ ಎಂಬ ಈ ವ್ಯವಸ್ಥೆಯು ಬೇಕಾದುದನ್ನು ಒಳಗೆ ಬಿಟ್ಟು ಬೇಡವಾದುದನ್ನು ಮೂಲೆಗೆ ತಳ್ಳುತ್ತದೆ.

ಇಂತಹ ಜರಡಿ ಏಕೆ ಬೇಕಾಯಿತು? 1978ರ ಮೇ ತಿಂಗಳಿನಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯ ಉದ್ಯೋಗಿಯೊಬ್ಬರು ತಮ್ಮ ಕಂಪ್ಯೂಟರುಗಳ ಪ್ರಚಾರಕ್ಕಾಗಿ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಓಲೆಯನ್ನು ಕಳುಹಿಸಿದರು. ಕೇಳದವರ ಮನೆ ಬಾಗಿಲಿಗೆ ಬಂದ ಈ ಪ್ರಚಾರಕ್ಕೆ ಆಗಲೇ ಆಕ್ಷೇಪಣೆಗಳು ಎದ್ದವು. ಆದರೆ ಸಾವಿರ ಓಲೆಗಳಿಗೂ ಒಂದು ಓಲೆಗೂ ಖರ್ಚಿನಲ್ಲಿ ಹೆಚ್ಚು ಅಂತರವಿಲ್ಲದ ಕಾರಣ, ಮುಂದೆ ಅದು ಪ್ರವಾಹವಾಗಿ ಬೆಳೆಯಿತು.

ಅಂದಿನಿಂದ ಜರಡಿಗೂ ಕುಯುಕ್ತಿಗೂ ಸ್ಪರ್ಧೆ ನಡೆದಿದೆ. ಒಬ್ಬನು ಚಾಪೆಯ ಕೆಳಗೆ ನುಸುಳಿದರೆ ಇನ್ನೊಬ್ಬನು ರಂಗೋಲಿಯ ಕೆಳಗೆ ನುಸುಳಿದನಂತೆ. ‘ಉಚಿತ’ ಎಂಬಂತಹ ಪದಗಳನ್ನು ಯಂತ್ರವು ಹಿಡಿಯತೊಡಗಿದಾಗ, ಅಕ್ಷರಗಳ ನಡುವೆ ಚುಕ್ಕೆಗಳನ್ನಿಟ್ಟು ಬರೆದರು. ಬರಹವನ್ನು ಚಿತ್ರದೊಳಗೆ ಅಡಗಿಸಿದರು. ಯಂತ್ರವೂ ಕಲಿಯಿತು. ಇಂದು ಅದು ಪದಗಳನ್ನಷ್ಟೇ ನೋಡುವುದಿಲ್ಲ. ಕಳುಹಿಸಿದವನು ತಾನು ಹೇಳಿಕೊಂಡವನೇ ಹೌದೇ, ಹಿಂದೆ ಅವನ ಓಲೆಗಳನ್ನು ಜನರು ಓದಿದರೇ, ದೂರಿದರೇ ಎಂಬುದನ್ನೂ ಪರಿಶೀಲಿಸುತ್ತದೆ. 2024ರಲ್ಲಿ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಸಗಟು ಓಲೆಗಳಿಗೆ ಕಟ್ಟುನಿಟ್ಟಾದ ನಿಯಮಗಳನ್ನು ತಂದವು. ಕಳುಹಿಸುವವನು ತನ್ನ ಗುರುತನ್ನು ರುಜುವಾತುಪಡಿಸಬೇಕು. ಬೇಡವೆಂದವನು ಒಂದೇ ಒತ್ತಿಗೆ ಓಲೆಗಳನ್ನು ನಿಲ್ಲಿಸುವಂತಿರಬೇಕು. ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಬಾರದು.

ಪ್ರಾಮಾಣಿಕನ ಓಲೆಯೂ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ ಎಂಬ ದೂರು ನಿಜವೇ. ಗ್ರಾಹಕನು ಕೇಳಿದ ದರಪಟ್ಟಿಯನ್ನು ಸಣ್ಣ ವ್ಯಾಪಾರಿಯು ಅಂದೇ ಕಳುಹಿಸಿದ್ದರೂ, ಅದು ಮೂಲೆಗೆ ಬಿದ್ದರೆ ಗ್ರಾಹಕನು ಅವನನ್ನು ಉದಾಸೀನನೆಂದು ಭಾವಿಸಿ ಬೇರೊಬ್ಬನನ್ನು ಹುಡುಕುತ್ತಾನೆ. ಹಾಗೆಂದು ಯಂತ್ರದ ಕಣ್ಣು ತಪ್ಪಿಸುವ ಉಪಾಯಗಳನ್ನು ಕಲಿಯುವುದು ಪರಿಹಾರವಲ್ಲ. ಆ ಉಪಾಯಗಳೇ ವಂಚಕನ ಗುರುತಾಗಿ ಅವನನ್ನು ಹಿಡಿದುಕೊಡುತ್ತವೆ.

ಹಾಗಾದರೆ ಬರೆಯುವ ಬಗೆ ಹೇಗೆ? ಒಳಗಿರುವ ವಿಷಯವನ್ನೇ ಶೀರ್ಷಿಕೆಯು ಹೇಳಬೇಕು. ಸಂಸ್ಥೆಯ ಹೆಸರು, ವಿಳಾಸಗಳು ಸ್ಪಷ್ಟವಾಗಿರಬೇಕು. ‘ಇಂದೇ ಕೊಳ್ಳಿರಿ’ ಎಂಬ ಅಬ್ಬರ, ಉದ್ಗಾರ ಚಿಹ್ನೆಗಳ ಸಾಲು, ಅನವಶ್ಯಕವಾದ ಲಗತ್ತುಗಳು ಇರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದವರಿಗೆ ಮಾತ್ರ ಬರೆಯಬೇಕು. ಬೇಡವೆಂದವರನ್ನು ಒಡನೆಯೇ ಬಿಡಬೇಕು.

ಇವು ಯಂತ್ರಕ್ಕಾಗಿ ಹುಟ್ಟಿದ ನಿಯಮಗಳಲ್ಲ. ಅನ್ಯರ ಸಮಯವನ್ನು ಗೌರವಿಸುವ ಸಜ್ಜನನು ಕಾಗದದ ಕಾಲದಲ್ಲಿಯೂ ಹೀಗೆಯೇ ಬರೆಯುತ್ತಿದ್ದನು. ಆ ಸೌಜನ್ಯವನ್ನು ರೂಢಿಸಿಕೊಂಡವನ ಓಲೆಗೆ ಜರಡಿಯ ಭಯವು ಬಹಳಮಟ್ಟಿಗೆ ಇಲ್ಲ.