ಯಾತ್ರೆಯೂ ನೂಲಿನಂಗಡಿಯೂ

ನಮ್ಮ ಸಂಘದವರು ಕಳೆದ ಮಾಘಮಾಸದಲ್ಲಿ ಐಹೊಳೆ, ಪಟ್ಟದಕಲ್ಲು, ಬಾದಾಮಿಗಳಿಗೆ ಕೈಗೊಂಡ ಪ್ರವಾಸದ ವೃತ್ತಾಂತವು ಈ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ ಅಚ್ಚಾಗಿರುವುದನ್ನು ವಾಚಕರು ಬಲ್ಲರು. ಬರೆದವರು ನನಗೆ ನಾಲ್ವತ್ತು ವರ್ಷಗಳ ಮಿತ್ರರು. ಶಾಸನಗಳಲ್ಲಿ ಒಳ್ಳೆಯ ಪರಿಶ್ರಮವುಳ್ಳವರು. ಮೇಗುತಿ ಗುಡ್ಡದ ಮೇಲೆ ನಿಂತು ಕ್ರಿ. ಶ. 634ರ ರವಿಕೀರ್ತಿಯ ಶಾಸನವನ್ನು ಅವರು ಓದಿ ಅರ್ಥ ಹೇಳಿದುದನ್ನು ಕೇಳಿದ ಯಾರೂ ಮರೆಯಲಾರರು. ಆದರೆ ಲೇಖನದ ಕೊನೆಯಲ್ಲಿ ಅವರು ಒಂದು ಮಾತನ್ನು ಸೇರಿಸಿರುವರು. ಹಿಂದಿರುಗುವ ದಾರಿಯಲ್ಲಿ ಇಳಕಲ್ಲಿನ ಬಟ್ಟೆ ನೂಲುಗಳ ಅಂಗಡಿಗಳಲ್ಲಿ ಎರಡು ತಾಸು ವ್ಯರ್ಥವಾದುವೆಂದೂ, ಅದು ಹೆಂಗಸರ ಹಟದಿಂದಾದದ್ದೆಂದೂ, ಇನ್ನು ಮುಂದಿನ ಪ್ರವಾಸಗಳಲ್ಲಿ ಅಂಗಡಿಗಳಿಗೆ ಅವಕಾಶವಿರಕೂಡದೆಂದೂ ಆ ಮಾತಿನ ತಾತ್ಪರ್ಯ. ಆ ಎರಡು ತಾಸನ್ನು ನೂಲಿನಂಗಡಿಯೊಂದರಲ್ಲಿ ಕಳೆದವರಲ್ಲಿ ನಾನೂ ಒಬ್ಬನು. ಆದಕಾರಣ ಉತ್ತರ ಹೇಳದೆ ಸುಮ್ಮನಿರಲಾರೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆಯೇ ಮುಂದಿಡಬೇಕೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಹಾಗೆಯೇ ಇಡುವೆನು. ಬಾದಾಮಿಯ ಗುಹೆಗಳು ಬಾದಾಮಿಯಲ್ಲಿ ಮಾತ್ರ ಇವೆ. ಸೀರೆಯಾದರೋ ನಮ್ಮೂರ ಪೇಟೆಯಲ್ಲಿಯೂ ದೊರೆಯುತ್ತದೆ, ಈಗಂತೂ ಕೈಯ ದೂರವಾಣಿಯನ್ನು ಒತ್ತಿದರೆ ಮನೆಯ ಬಾಗಿಲಿಗೇ ಬರುತ್ತದೆ. ದೇವಾಲಯದರ್ಶನವು ಜ್ಞಾನ, ವಸ್ತ್ರಕ್ರಯವು ಭೋಗ. ಎರಡನ್ನೂ ಒಂದೇ ಬಂಡಿಗೆ ಹೂಡಬಾರದು. ಇಷ್ಟಲ್ಲದೆ, ಯಾತ್ರಿಕರು ಸೇರುವ ಊರುಗಳ ಅಂಗಡಿಗಳಲ್ಲಿ ಮೋಸವೇ ಹೆಚ್ಚು. ಈ ಕೊನೆಯ ಮಾತನ್ನು ನಾನು ಒಪ್ಪುತ್ತೇನೆ. ಏಕೆಂಬುದನ್ನು ಮುಂದೆ ಹೇಳುವೆನು. ಉಳಿದವನ್ನು ಒಪ್ಪಲಾರೆ.

ಭೋಗವೇ? ನನ್ನ ಮಿತ್ರರೂ ನಾನೂ ಒಂದೇ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು. ಕಾರಣವು ಮೂರು ಬಗೆಯೆಂದು ಅಲ್ಲಿ ಹೇಳಿದೆಯಷ್ಟೆ. ಉದಾಹರಣೆಗೆ ಆತನು ತೆಗೆದುಕೊಂಡದ್ದು ಗುಡಿಯನ್ನಲ್ಲ, ಬಟ್ಟೆಯನ್ನು. ಪಟಕ್ಕೆ ತಂತುಗಳು ಸಮವಾಯಿಕಾರಣ, ತಂತುಗಳ ಸಂಯೋಗ ಅಸಮವಾಯಿಕಾರಣ, ತುರಿ ವೇಮ ಮೊದಲಾದುವು ನಿಮಿತ್ತಕಾರಣ. ಇದನ್ನು ನಾವು ಎಷ್ಟು ಸಲ ಒಪ್ಪಿಸಲಿಲ್ಲ! ಮುಂದೆ ನಾನು ಮೇಷ್ಟರಾದ ಮೇಲೆ ಎಷ್ಟು ಹುಡುಗರಿಗೆ ಇದನ್ನೇ ಹೇಳಿಕೊಡಲಿಲ್ಲ! ಅಮರಕೋಶದಿಂದ ತಂತುವಾಯ, ಕುವಿಂದ ಎಂಬ ನೇಕಾರನ ಹೆಸರುಗಳನ್ನು ಉರುಹೊಡೆದೆವು. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು ಇದೆಲ್ಲವೂ ಯಾವುದರಲ್ಲಿ ಓತಪ್ರೋತವಾಗಿದೆಯೆಂದು ಕೇಳುವಾಗ ಆಕೆಯ ಬಾಯಲ್ಲಿರುವುದು ನೇಕಾರರ ಮಾತೇ. ನಮ್ಮ ಕನ್ನಡದ ಹಾಸುಹೊಕ್ಕೇ. ಇಷ್ಟೆಲ್ಲ ಓದಿದ ನಾನು ಅರವತ್ತು ದಾಟುವವರೆಗೆ ಹಾಸು ಯಾವುದು, ಹೊಕ್ಕು ಯಾವುದು, ತುರಿಯೆಂಬುದು ಕೈಯಲ್ಲಿ ಎಷ್ಟು ಭಾರ ಎಂಬುದನ್ನು ಕಂಡವನಲ್ಲ. ನನ್ನ ಮಿತ್ರರೂ ಕಂಡವರಲ್ಲ. ಆ ದಿನ ಅವರು ವಾಹನದಿಂದ ಇಳಿಯಲೇ ಇಲ್ಲ.

ನನ್ನನ್ನು ಒಳಕ್ಕೆ ಕರೆದೊಯ್ದವಳು ಸೊಸೆ. ಆಕೆಗೆ ಹೆಣಿಗೆಯ ಅಭ್ಯಾಸವುಂಟು; ಎಲ್ಲಿ ಹೋದರೂ ಆ ಊರಿನ ನೂಲನ್ನು ಒಂದಿಷ್ಟು ತರುವ ರೂಢಿ. ಹತ್ತಡಿ ಅಗಲದ ಅಂಗಡಿ. ಗೋಡೆಯುದ್ದಕ್ಕೂ ಗಿರಣಿಯ ಮುದ್ರೆಯೊತ್ತಿದ ನೂಲಿನ ಕಟ್ಟುಗಳು. ಗೂಟಗಳಿಗೆ ಬಣ್ಣ ಕಟ್ಟಿದ ಲಡಿಗಳು. ಒಂದು ಮೂಲೆಯಲ್ಲಿ ಅಲ್ಲಿಯವರು ಚಮಕಾ ಎಂದು ಕರೆಯುವ ಕೃತಕ ರೇಷ್ಮೆ. ಕಟ್ಟಿನ ಮೇಲಿದ್ದ 80 ಎಂಬ ಅಂಕೆಯನ್ನು ನಾನು ಬೆಲೆಯೆಂದು ತಿಳಿದು ಕೇಳಿದೆ. ಅಂಗಡಿಯವರು ನಕ್ಕು, ‘ಅದು ನಂಬರು ರೀ ಮಾಸ್ತರ’ ಎಂದು ವಿವರಿಸಿದರು. 840 ಗಜದ್ದು ಒಂದು ಲಡಿ; ಅಂತಹ 80 ಲಡಿಗಳು ಒಂದು ಪೌಂಡು ತೂಗಿದರೆ ಅದು 80ರ ನೂಲು. ನಂಬರು ಏರಿದಷ್ಟೂ ಎಳೆ ಸಣ್ಣ. ಮನಸ್ಸಿನಲ್ಲಿಯೇ ಗುಣಿಸಿ ನೋಡಿದೆ: ಒಂದು ಪೌಂಡಿನಲ್ಲಿ 67,200 ಗಜ, ಎಂದರೆ 38 ಮೈಲಿಗೂ ಮೀರಿದ ಎಳೆ. ಅಷ್ಟನ್ನೂ ಯಾರೋ ಒಬ್ಬರು ಬಿಚ್ಚಿ, ಗಂಜಿ ಕೊಟ್ಟು, ರಾಟೆಗೆ ಸುತ್ತಿ, ಒಂದೊಂದಾಗಿ ಮಗ್ಗಕ್ಕೆ ಏರಿಸಬೇಕು. ಕೈಮಗ್ಗದವರಿಗೆ ನೂಲು ಲಡಿಯ ರೂಪದಲ್ಲಿ ಬೇಕು; ಆದುದರಿಂದಲೇ ಗಿರಣಿಗಳು ಒಂದು ಪಾಲನ್ನು ಲಡಿಯಾಗಿ ಕಟ್ಟಬೇಕೆಂಬ ನಿಯಮವಿದೆ. ಆ ಪಾಲು 2003ರಿಂದ ನೂರಕ್ಕೆ 40 ಇದ್ದದ್ದು 2019ರಲ್ಲಿ 30ಕ್ಕೆ ಇಳಿಯಿತು.

1924ರಲ್ಲಿ ಇದೇ ನಾಡಿನ ಬೆಳಗಾವಿಯಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಸೇರಿದಾಗ ತಿಂಗಳಿಗೆ 2000 ಗಜ ನೂಲನ್ನೇ ಸದಸ್ಯತ್ವದ ಚಂದಾ ಎಂದು ಗೊತ್ತುಮಾಡಿದ್ದರು. ಆ ಏರ್ಪಾಡು ಬಹುಕಾಲ ನಿಲ್ಲಲಿಲ್ಲ, ನಿಜ. ಆದರೂ ವಕೀಲರೂ ಉಪಾಧ್ಯಾಯರೂ ನೂಲನ್ನು ಗಜದಲ್ಲಿ ಎಣಿಸುತ್ತಿದ್ದ ಕಾಲವೊಂದಿತ್ತು. ಅವರ ಮೊಮ್ಮಕ್ಕಳಾದ ನಾವು ನಂಬರನ್ನು ಬೆಲೆಯೆಂದು ಓದುತ್ತೇವೆ.

ಇನ್ನು ಮೋಸದ ಮಾತು. ನಾವು ಮಾತನಾಡುತ್ತಿರುವಾಗ ಹೊಕ್ಕಿನ ನೂಲನ್ನು ಒಯ್ಯಲು ನೇಕಾರರ ಮನೆಯ ಹೆಂಗಸೊಬ್ಬಳು ಬಂದಳು. ನನ್ನ ಸೊಸೆ ಆ ದಿನ ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಉಟ್ಟಿದ್ದಳು. ಊರಿನ ಸೀರೆಯನ್ನು ಊರಿಗೇ ತೋರಿಸುವ ಉತ್ಸಾಹ. ಬಂದವಳು ಕ್ಷಣಹೊತ್ತು ನೋಡಿ, ಅಪ್ಪಣೆ ಕೇಳಿ, ಸೆರಗನ್ನು ಹಿಂದುಮುಂದಾಗಿ ತಿರುವಿ, ‘ಅಕ್ಕಾರ, ಇದು ನಮ್ಮ ಮಗ್ಗದ್ದಲ್ಲರಿ’ ಎಂದಳು. ಆಮೇಲೆ ತೋರಿಸಿಕೊಟ್ಟಳು. ನಿಜವಾದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಕೂಡುವೆಡೆಯಲ್ಲಿ ಎಳೆಗೆ ಎಳೆಯನ್ನು ಕುಣಿಕೆ ಹಾಕಿ ಸೇರಿಸಿರುತ್ತಾರೆ. ಆದುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಅಣಿಮಾಡಬೇಕು. ನಮ್ಮ ಸೀರೆಯಲ್ಲಿ ಕುಣಿಕೆಯೇ ಇರಲಿಲ್ಲ. ಸೆರಗಿನ ಕೆಂಪಿನೊಳಗೆ ಒಡಲಿನ ನೀಲಿ ಎಳೆಗಳೇ ಮುಂದುವರಿದಿದ್ದುವು.

ಆ ಸೀರೆಯನ್ನು ಕೊಂಡವನು ನಾನು. 1998ರಲ್ಲಿ ಸಂಸಾರಸಮೇತನಾಗಿ ಇದೇ ದಾರಿಯಲ್ಲಿ ಹೋದಾಗ, ಇಳಕಲ್ಲಿನಲ್ಲಿ ಒಂದು ಗಳಿಗೆ ಇಳಿಯೋಣವೆಂದು ನನ್ನ ಪತ್ನಿ ಕೇಳಿದ್ದಳು. ಹೊತ್ತಿಗೆ ಮುಂಚೆ ಹಂಪೆಯನ್ನು ಸೇರಬೇಕೆಂದು ನಾನು ತಡೆದೆ. ನನ್ನ ಮಿತ್ರರು ಈಗ ಬರೆದಿರುವ ಮಾತುಗಳನ್ನೇ ಅಂದು ಆಡಿದೆ. ಸಮಾಧಾನಕ್ಕೆಂದು ಮುಂದೆ ಒಂದು ಯಾತ್ರಾಸ್ಥಳದ ಬಸ್ಸು ನಿಲ್ದಾಣದ ಬಳಿ, ಹತ್ತು ನಿಮಿಷದಲ್ಲಿ, ಚೌಕಾಶಿ ಮಾಡಿ ಮುನ್ನೂರು ರೂಪಾಯಿ ಇಳಿಸಿ, ಇಳಕಲ್ಲಿನದೆಂದು ಆ ಸೀರೆಯನ್ನು ತಂದುಕೊಟ್ಟೆ. ಅವಳು ಸೆರಗನ್ನು ತಿರುವಿ ಒಮ್ಮೆ ನೋಡಿದಳು, ಮಡಿಸಿಟ್ಟಳು. ಹಬ್ಬಗಳಲ್ಲಿ ಉಟ್ಟಳು. ಏನೂ ಹೇಳಲಿಲ್ಲ. ಅವಳು ತೀರಿಕೊಂಡು ಈಗ ಆರು ವರ್ಷ. ಅಂದು ತಿರುವಿ ನೋಡಿದ್ದು ಏತಕ್ಕೆಂಬುದು ನನಗೆ ಆ ನೂಲಿನಂಗಡಿಯಲ್ಲಿ ತಿಳಿಯಿತು.

ಹೀಗಿರಲು, ಅಂಗಡಿಗಳಲ್ಲಿ ಮೋಸವಿದೆಯೆಂದು ನನ್ನ ಮಿತ್ರರು ಹೇಳಿದರೆ ಇಲ್ಲವೆನ್ನಲು ನನಗೆ ಬಾಯಿಲ್ಲ. ಆದರೆ ಮೋಸವುಂಟೆಂದು ಅಂಗಡಿಯನ್ನೇ ಬಿಡುವುದು, ಅಪಪಾಠಗಳಿವೆಯೆಂದು ಗ್ರಂಥವನ್ನೇ ಮುಚ್ಚಿದಂತೆ. ನಾನು ಹತ್ತು ನಿಮಿಷ ಕೊಟ್ಟು ಮೋಸಹೋದೆ. ಎರಡು ತಾಸು ಕೊಟ್ಟಿದ್ದರೆ ಹೋಗುತ್ತಿರಲಿಲ್ಲ. ಕಾಯಿದೆಗಳು ಇಲ್ಲದಿಲ್ಲ. ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯೊಂದು 1985ರಲ್ಲಿ ಬಂದಿತು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಮೀಸಲು ವಸ್ತ್ರಗಳು ಈಗ 11. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. 2006ರಿಂದ ಕೈಮಗ್ಗಕ್ಕೆ ಪ್ರತ್ಯೇಕ ಮುದ್ರೆಯೂ ಇದೆ. ಅಖಿಲ ಭಾರತ ಕೈಮಗ್ಗ ಮಂಡಲಿಯನ್ನಾದರೋ 2020ರಲ್ಲಿ ವಿಸರ್ಜಿಸಿಬಿಟ್ಟರು. ಮುದ್ರೆಯಿದ್ದರೂ ಅದನ್ನು ಕೇಳುವವರು ಬೇಕಲ್ಲ? ನಾನು ಕೇಳಿದ್ದು ಬೆಲೆಯೊಂದನ್ನೇ.

ಆದುದರಿಂದ ನನ್ನ ಪಕ್ಷವಿಷ್ಟು. ನೇಯುವ ಊರಿಗೆ ಹೋದ ಯಾತ್ರಿಕನು ಬಟ್ಟೆಯಂಗಡಿಗೆ ಮೊದಲು ನೂಲಿನಂಗಡಿಗೆ ಹೋಗಬೇಕು. ಅಲ್ಲಿ ಯಾತ್ರಿಕರಿಗೆ ಮಾರತಕ್ಕದ್ದು ಹೆಚ್ಚೇನೂ ಇಲ್ಲ, ಬರುವವರೆಲ್ಲ ನೇಯುವವರು. ರೇಷ್ಮೆಗೂ ಚಮಕಾಕ್ಕೂ ಭೇದವೇನೆಂದು ಕೇಳಿದರೆ ಅವರು ಒಂದೊಂದು ಎಳೆಯನ್ನು ಸುಟ್ಟು ತೋರಿಸುತ್ತಾರೆ: ಒಂದು ಕೂದಲು ಸುಟ್ಟ ವಾಸನೆ ಬೀರುತ್ತದೆ, ಮತ್ತೊಂದು ಕಾಗದದಂತೆ ಉರಿಯುತ್ತದೆ. ಅಲ್ಲಿಂದ ಮಗ್ಗಕ್ಕೆ ಹೋಗಬೇಕು. ಬಟ್ಟೆಯ ಅಂಗಡಿ ಆಮೇಲೆ. ನಮ್ಮೂರ ಪೇಟೆಯಲ್ಲಿ ಸೀರೆಯೇನೋ ದೊರೆಯುತ್ತದೆ, ಈ ವಿದ್ಯೆ ದೊರೆಯುವುದಿಲ್ಲ.

‘ಹೆಂಗಸರ ಹಟ’ ಎಂಬ ಮಾತಿಗೂ ಎರಡಕ್ಷರ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗದ ಕೆಲಸಗಾರರು ಸುಮಾರು 35 ಲಕ್ಷವೆಂದು ಲೆಕ್ಕವಾಯಿತು; ಅವರಲ್ಲಿ ಹತ್ತಕ್ಕೆ ಏಳು ಮಂದಿಗೂ ಮಿಕ್ಕು ಸ್ತ್ರೀಯರು. ನೇಯುವವರು ಅವರು, ಉಡುವವರು ಅವರು, ಸೆರಗನ್ನು ತಿರುವಿ ನಿಜವನ್ನು ತಿಳಿಯುವವರು ಅವರು. ವಾಹನದಲ್ಲಿ ಕುಳಿತು ಗಡಿಯಾರ ನೋಡುವ ಕಾರ್ಯ ಮಾತ್ರ ನಮ್ಮ ಪಾಲಿಗೆ ಬಂದಿತು.

ಆ ತಾಯಿ ನಮ್ಮನ್ನು ಹಿಂದಿನ ಓಣಿಯ ತನ್ನ ಮನೆಗೆ ಕರೆದೊಯ್ದಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಸಿ ಆಕೆಯ ಯಜಮಾನರು ನೇಯುತ್ತಿದ್ದರು. ಲಾಳಿಯನ್ನು ನನ್ನ ಕೈಗೆ ಕೊಟ್ಟರು. ಅಂಗೈಗೆ ತಗಲುವೆಡೆ ಮರವು ಸವೆದು ಗಾಜಿನಂತಾಗಿತ್ತು. ಇದೇ ತುರಿ, ಇದೇ ವೇಮ ಎಂದುಕೊಂಡೆ. ನಾಲ್ಕು ಎಳೆ ನೇಯಲು ಯತ್ನಿಸಿ ಎರಡನ್ನು ಕಡಿದೆ. ಅವರು ಬೇಸರವಿಲ್ಲದೆ ಗಂಟು ಹಾಕಿದರು. ಒಂದು ಸೀರೆಯನ್ನು ಅಲ್ಲಿಯೇ ಕೊಂಡೆವು. ಬೆಲೆ ಇಳಿಸೆಂದು ಕೇಳಲು ಈ ಸಲ ನನಗೆ ನಾಲಗೆ ಏಳಲಿಲ್ಲ.

ಸಂಘದ ಮುಂದಿನ ಪ್ರವಾಸವು ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳಿಗೆಂದು ಗೊತ್ತಾಗಿದೆ. ಅವುಗಳನ್ನು ನನ್ನ ಮಿತ್ರರೇ ಓದಿ ಹೇಳಬೇಕೆಂಬುದು ನನ್ನ ಅಪೇಕ್ಷೆ. ಅವು ಇರುವುದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಮೊಳಕಾಲ್ಮೂರಿನಲ್ಲಿ ರೇಷ್ಮೆಯ ಮಗ್ಗಗಳಿವೆ. ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿಗೆ ಮೂರು ತಾಸನ್ನು ಕಾರ್ಯಕ್ರಮದಲ್ಲಿಯೇ ಅಚ್ಚುಹಾಕಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಮಿತ್ರರು ವಾಹನದಿಂದ ಇಳಿಯುವುದಾದರೆ ಅವರ ಕೈಚೀಲವನ್ನು ನಾನೇ ಹಿಡಿದುಕೊಳ್ಳುವೆನು.